ಬಾರದವರ ಪಾಲು: ರೋಗಕಾಲದಲ್ಲಿ ಕ್ರೈಸ್ತ ಆರಾಧನೆ



ಕನ್ನಡ ಕೂಟದವರು ವೈದ್ಯರನ್ನು ಉಪನ್ಯಾಸಕ್ಕೆ ಆಹ್ವಾನಿಸಿದರೆ ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳ ವಿಷಯವಾಗಿ ನಾಲ್ಕು ಹಿತವಚನಗಳನ್ನು ನಿರೀಕ್ಷಿಸುವುದು ವಾಡಿಕೆ. ಇಂದು ಆ ವಾಡಿಕೆಯನ್ನು ಮೀರಿ, ಇತಿಹಾಸಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ. ಸಾಂಕ್ರಾಮಿಕ ರೋಗವು ಆರಾಧನಾ ಮಂದಿರದ ಬಾಗಿಲನ್ನು ಮುಚ್ಚಿಸಿದಾಗ ಭಕ್ತರು ಏನು ಮಾಡಿದರು? ಎಲ್ಲ ಮತಗಳವರೂ ಒಂದಲ್ಲ ಒಂದು ಕಾಲದಲ್ಲಿ ಎದುರಿಸಿದ ಪ್ರಶ್ನೆಯಿದು. ಆದರೆ ಇಂದಿನ ಪರಿಮಿತ ಅವಧಿಯಲ್ಲಿ ಕ್ರೈಸ್ತ ಸಭೆಯ ಇತಿಹಾಸವನ್ನು ಮಾತ್ರ ಅವಲೋಕಿಸೋಣ.

ಈ ಪ್ರಶ್ನೆ ನಮಗೆ ಗ್ರಂಥಗಳಿಂದ ಬಂದದ್ದಲ್ಲ. 2020ರ ಏಪ್ರಿಲ್ ತಿಂಗಳಿನಲ್ಲಿ ನಾವು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿ, ಕನ್ನಡ ನಾಡಿನಿಂದ ಬಂದು ಮಕ್ಕಳೊಡನೆ ನೆಲೆಸಿದ್ದ ವೃದ್ಧ ಕ್ರೈಸ್ತ ಮಹಿಳೆಯೊಬ್ಬರಿದ್ದರು. ಅವರಿಗೆ ಕೋವಿಡ್ ತಗುಲಿತ್ತು. ಮಕ್ಕಳಿಗೂ ಒಳಗೆ ಪ್ರವೇಶವಿರಲಿಲ್ಲ, ಸಭಾಪಾಲಕರಿಗೂ ಇರಲಿಲ್ಲ. ಆ ನಿಷೇಧವನ್ನು ಪಾಲಿಸಿ, ಇತರರಿಂದ ಪಾಲಿಸಿಸಿದವರಲ್ಲಿ ನಾವೂ ಸೇರಿದ್ದೆವು. ಈಸ್ಟರ್ ಹಬ್ಬದ ಹಿಂದಿನ ಸಂಜೆ ಆ ತಾಯಿ ಆಮ್ಲಜನಕದ ಮುಖವಾಡವನ್ನು ಕೊಂಚ ಸರಿಸಿ ಕನ್ನಡದಲ್ಲಿ ಕೇಳಿದರು: “ಡಾಕ್ಟರೇ, ನಾಳೆ ನನ್ನ ಪಾಲು ಯಾರು ತರುತ್ತಾರೆ?” ಕ್ರೈಸ್ತರ ಆರಾಧನೆಯಲ್ಲಿ ಹಂಚಲಾಗುವ ರೊಟ್ಟಿ ಮತ್ತು ದ್ರಾಕ್ಷಾರಸದ ಪಾಲನ್ನು ಕುರಿತು ಅವರು ಕೇಳಿದ್ದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ‘ಪಾಲು’ ಎಂಬ ಮಾತಿನ ಹಿಂದೆ ಎಷ್ಟು ಪ್ರಾಚೀನವಾದ ಪರಂಪರೆಯಿದೆಯೆಂಬುದು ನಮಗೆ ತಿಳಿದದ್ದು ಆಮೇಲೆ, ಓದತೊಡಗಿದಾಗ. ಕ್ರಿಸ್ತಶಕ 155ರ ಸುಮಾರಿನಲ್ಲಿ ರೋಮ್ ನಗರದಲ್ಲಿದ್ದ ಜಸ್ಟಿನ್ ಎಂಬ ವಿದ್ವಾಂಸನು ಚಕ್ರವರ್ತಿ ಆಂಟೊನಿನಸ್ ಪಯಸ್‌ನನ್ನು ಉದ್ದೇಶಿಸಿ ಒಂದು ಸಮರ್ಥನಾ ಪತ್ರವನ್ನು ಬರೆದನು. ಕ್ರೈಸ್ತರು ಭಾನುವಾರ ಒಂದೆಡೆ ಸೇರಿ ಮಾಡುವುದೇನೆಂಬುದನ್ನು ಆತ ಅದರಲ್ಲಿ ವಿವರಿಸಿದ್ದಾನೆ. ಮೊದಲು ಧರ್ಮಗ್ರಂಥದ ವಾಚನ, ಬಳಿಕ ಅಧ್ಯಕ್ಷನ ಪ್ರಬೋಧನೆ, ಎಲ್ಲರೂ ಎದ್ದುನಿಂತು ಮಾಡುವ ಪ್ರಾರ್ಥನೆ, ಅನಂತರ ರೊಟ್ಟಿ ಮತ್ತು ದ್ರಾಕ್ಷಾರಸದ ವಿತರಣೆ. ವರ್ಣನೆ ಅಲ್ಲಿಗೇ ಮುಗಿಯುವುದಿಲ್ಲ. ಸಭೆಗೆ ಬರಲಾಗದವರಿಗೆ ಅವರ ಪಾಲನ್ನು ಸಭಾಸೇವಕರು ಕೊಂಡೊಯ್ಯುತ್ತಾರೆಂದೂ, ಕೂಡಿಬಂದ ಕಾಣಿಕೆಯಿಂದ ಅನಾಥರು, ವಿಧವೆಯರು, ರೋಗಿಗಳು ಮತ್ತು ಬಂಧಿಗಳ ಪೋಷಣೆಯಾಗುತ್ತದೆಂದೂ ಆತ ತಿಳಿಸುತ್ತಾನೆ. ನಮ್ಮ ಊರುಗಳಲ್ಲಿ ಜಾತ್ರೆಗೆ ಹೋದವರು ಹಾಸಿಗೆ ಹಿಡಿದ ಅಜ್ಜಿಗೆಂದು ಪ್ರಸಾದವನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ಬರುತ್ತಿದ್ದುದು ನಮ್ಮೆಲ್ಲರಿಗೂ ನೆನಪಿದೆಯಷ್ಟೆ. ಜಸ್ಟಿನ್ ಹೇಳಿದ್ದೂ ಇದಕ್ಕೆ ದೂರವಾದುದಲ್ಲ. ಬಾರದವನು ಹೊರಗಿನವನಲ್ಲ, ಅವನ ಪಾಲು ಎತ್ತಿಡತಕ್ಕದ್ದು, ಅದನ್ನು ಯಾರಾದರೂ ತಲುಪಿಸತಕ್ಕದ್ದು. ಮುಂದಿನ ಶತಮಾನಗಳಲ್ಲಿ ರೋಗ ಬಂದಾಗಲೆಲ್ಲ ಕ್ರೈಸ್ತ ಸಭೆಯು ಈ ನಿಯಮವನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿತೆಂಬುದೇ ಇಂದಿನ ಉಪನ್ಯಾಸದ ವಿಷಯ.

1527ರಲ್ಲಿ ಜರ್ಮನಿಯ ವಿಟೆನ್‌ಬರ್ಗ್ ನಗರಕ್ಕೆ ಪ್ಲೇಗು ಬಂದಿತು. ವಿಶ್ವವಿದ್ಯಾಲಯವು ಯೇನಾ ನಗರಕ್ಕೆ ಸ್ಥಳಾಂತರಗೊಂಡಿತು. ಮಾರ್ಟಿನ್ ಲೂಥರ್ ಮಾತ್ರ ರೋಗಿಗಳ ನಡುವೆಯೇ ಉಳಿದರು. ಪ್ಲೇಗಿನಿಂದ ಪಲಾಯನ ಮಾಡುವುದು ಕ್ರೈಸ್ತನಿಗೆ ಧರ್ಮವೇ ಎಂದು ಬ್ರೆಸ್ಲಾವ್ ನಗರದ ಬೋಧಕರು ಕೇಳಿದ್ದ ಪ್ರಶ್ನೆಗೆ ಅವರು ಒಂದು ಬಹಿರಂಗ ಪತ್ರದ ಮೂಲಕ ಉತ್ತರವಿತ್ತರು. ಬೋಧಕ, ಅಧಿಕಾರಿ, ವೈದ್ಯ ಮೊದಲಾಗಿ ಇತರರ ಹೊಣೆ ಹೊತ್ತವರು ತಮ್ಮ ಸ್ಥಾನವನ್ನು ಬಿಟ್ಟು ಹೋಗಕೂಡದು. ಅಂಥ ಹೊಣೆಯಿಲ್ಲದವರು ಹೋದರೆ ದೋಷವಿಲ್ಲ. ಔಷಧವನ್ನು ತಿರಸ್ಕರಿಸಿ ರೋಗದ ಬಾಯಿಗೆ ಬೀಳುವುದು ಭಕ್ತಿಯಲ್ಲ, ದೇವರನ್ನು ಪರೀಕ್ಷಿಸುವ ಉದ್ಧಟತನ. ತನ್ನ ಅಗತ್ಯವಿಲ್ಲದ ಕಡೆಗೆ ಹೋಗಿ ಇತರರಿಗೆ ಸೋಂಕು ತಗುಲಿಸಬಾರದು, ಅಗತ್ಯವಿರುವ ಕಡೆಗೆ ಹೋಗದೆ ಇರಬಾರದು. ಇದು ಆ ಪತ್ರದ ಸಾರಾಂಶ. ಸೂಕ್ಷ್ಮಜೀವಿಗಳ ಕಲ್ಪನೆಯೂ ಇಲ್ಲದ ಕಾಲದಲ್ಲಿ ಇಷ್ಟು ಸಮತೂಕದ ವಿವೇಚನೆ ಮೂಡಿತೆಂಬುದು ಆಶ್ಚರ್ಯಕರ.

ಲೂಥರರ ಈ ಪತ್ರದ ಬಳಿಕ ಅರ್ಧ ಶತಮಾನ ಕಳೆದು, 1576ರಲ್ಲಿ, ಇಟಲಿಯ ಮಿಲಾನ್ ನಗರಕ್ಕೆ ಪ್ಲೇಗು ಕಾಲಿಟ್ಟಿತು. ಅಲ್ಲಿಯ ಮಹಾಧರ್ಮಾಧ್ಯಕ್ಷರಾದ ಕಾರ್ಲೊ ಬೊರೊಮಿಯೊ ಲೂಥರ್ ಪಂಥದ ಕಟ್ಟಾ ವಿರೋಧಿ. ಆದರೆ ಹೊಣೆ ಹೊತ್ತವನು ಓಡಬಾರದೆಂಬ ವಿಷಯದಲ್ಲಿ ಅವರ ನಡೆಯೂ ಲೂಥರರ ನುಡಿಯೂ ಒಂದೇ. ಮೊದಲು ಅವರು ಬರಿಗಾಲಿನಲ್ಲಿ, ಕೊರಳಿಗೆ ಹಗ್ಗ ಬಿಗಿದುಕೊಂಡು, ಶಿಲುಬೆಯನ್ನು ಹಿಡಿದು ಪ್ರಾಯಶ್ಚಿತ್ತದ ಮೆರವಣಿಗೆಗಳನ್ನು ನಡೆಸಿದರು. ಇಂದಿನ ವೈದ್ಯರಾದ ನಾವು ಅದನ್ನು ಒಪ್ಪಲಾರೆವು. ಅಂದಿನ ಆರೋಗ್ಯಾಧಿಕಾರಿಗಳಿಗೂ ಅದು ಕಳವಳದ ವಿಷಯವಾಗಿತ್ತು. ಆದರೆ ಅಕ್ಟೋಬರ್ ಕೊನೆಯ ಹೊತ್ತಿಗೆ ನಗರದ ಜನರೆಲ್ಲರೂ ಮನೆಯೊಳಗೇ ಇರಬೇಕೆಂಬ ಆಜ್ಞೆ ಹೊರಟಾಗ ಬೊರೊಮಿಯೊ ಅದನ್ನು ಪ್ರತಿಭಟಿಸಲಿಲ್ಲ. ಜನರು ಪೂಜೆಗೆ ಬರುವಂತಿಲ್ಲವಾದರೆ ಪೂಜೆಯೇ ಜನರ ಬಳಿಗೆ ಹೋಗಲೆಂದು ನಿಶ್ಚಯಿಸಿದರು.

ತತ್ಪರಿಣಾಮವಾಗಿ ನಗರದ ನಾಲ್ದಾರಿಗಳಲ್ಲಿ ಬಲಿಪೀಠಗಳನ್ನು ನಿರ್ಮಿಸಲಾಯಿತು. ಜನರು ತಮ್ಮ ತಮ್ಮ ಕಿಟಕಿಗಳಲ್ಲಿ ನಿಂತು ಪೂಜೆಯನ್ನು ಕಂಡರು. ದಿನಕ್ಕೆ ಏಳು ಬಾರಿ ಗಂಟೆ ಬಾರಿಸಲಾಗುತ್ತಿತ್ತು. ಬೀದಿಯ ಒಂದು ಬದಿಯ ಕಿಟಕಿಗಳಿಂದ ಪ್ರಾರ್ಥನೆಯ ಒಂದು ಚರಣ ಕೇಳಿಬಂದರೆ, ಎದುರು ಬದಿಯ ಕಿಟಕಿಗಳಿಂದ ಮುಂದಿನ ಚರಣ ಬರುತ್ತಿತ್ತು. ಗುರುಗಳು ಮನೆಗಳ ಹೊಸ್ತಿಲಿನ ಹೊರಗೆ ಕುಳಿತು ಒಳಗಿದ್ದವರ ಪಾಪನಿವೇದನೆಯನ್ನು ಆಲಿಸಿದರು. ರೋಗ ಶಮನವಾದ ಮೇಲೆ ಬಲಿಪೀಠಗಳಿದ್ದ ಜಾಗಗಳಲ್ಲಿ ಶಿಲುಬೆಯ ಕಂಬಗಳನ್ನು ನಿಲ್ಲಿಸಲಾಯಿತು. ಅವುಗಳಲ್ಲಿ ಕೆಲವು ಇಂದಿಗೂ ಉಳಿದಿವೆ.

ಆ ನಗರದ ಗೋಡೆಯ ಹೊರಗೆ ಲಾಜರೆಟ್ಟೊ ಎಂಬ ರೋಗಿಗಳ ಆವರಣವಿತ್ತು. ಚೌಕಾಕಾರದ ವಿಶಾಲ ಅಂಗಳ, ಅದರ ಸುತ್ತಲೂ 288 ಕೋಣೆಗಳು. ಅಂಗಳದ ನಟ್ಟನಡುವೆ ಒಂದು ಪ್ರಾರ್ಥನಾ ಮಂದಿರ. ಬೊರೊಮಿಯೊ ಅದನ್ನು ಪೆಲೆಗ್ರಿನೊ ತಿಬಾಲ್ಡಿ ಎಂಬ ವಾಸ್ತುಶಿಲ್ಪಿಯಿಂದ ಹೊಸದಾಗಿ ಕಟ್ಟಿಸಿದರು. ಅಷ್ಟಕೋನಾಕೃತಿಯ ಆ ಮಂದಿರಕ್ಕೆ ಎಲ್ಲ ಬದಿಗಳಲ್ಲಿಯೂ ಬರಿಯ ಕಮಾನುಗಳಿದ್ದವು, ಗೋಡೆಗಳಿರಲಿಲ್ಲ. ಯಾವ ಕೋಣೆಯಲ್ಲಿ ಮಲಗಿದ ರೋಗಿಗಾದರೂ ಬಲಿಪೀಠವು ಕಾಣಬೇಕೆಂಬುದೇ ಅದರ ಉದ್ದೇಶ. ಆರಾಧನೆಗೆ ಗೋಡೆಯೇ ಅಡ್ಡಿಯಾದಾಗ ಗೋಡೆಯಿಲ್ಲದ ಗುಡಿಯನ್ನು ಕಟ್ಟಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವನ್ನು ನಾವು ಕಾಣೆವು.

ಇನ್ನು ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದ ಈಮ್ ಎಂಬ ಪುಟ್ಟ ಹಳ್ಳಿಗೆ ಬರೋಣ. 1665ರ ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ಬಂದ ಬಟ್ಟೆಯ ಗಂಟಿನೊಡನೆ ಪ್ಲೇಗು ಈ ಹಳ್ಳಿಯನ್ನು ಪ್ರವೇಶಿಸಿತೆಂದು ಪ್ರತೀತಿ. ಅಲ್ಲಿಯ ಸಭಾಪಾಲಕ ವಿಲಿಯಂ ಮಾಂಪೆಸನ್ ಆಗಿನ್ನೂ ತರುಣ. ಆತನಿಗಿಂತ ಮೊದಲಿದ್ದ ಥಾಮಸ್ ಸ್ಟ್ಯಾನ್ಲಿ, ಹೊಸ ಪ್ರಾರ್ಥನಾ ಕ್ರಮವನ್ನು ಒಪ್ಪದೆ 1662ರಲ್ಲಿ ಪದವಿಯನ್ನು ಕಳೆದುಕೊಂಡಿದ್ದವನು. ಆರಾಧನೆಯ ವಿಧಿಯನ್ನು ಕುರಿತೇ ಭಿನ್ನಮತವಿದ್ದ ಈ ಇಬ್ಬರು, ರೋಗವು ಉಲ್ಬಣಿಸಿದ 1666ರ ಬೇಸಿಗೆಯಲ್ಲಿ ಒಂದಾಗಿ ಜನರ ಮುಂದೆ ನಿಂತರು. ಯಾರೂ ಹಳ್ಳಿಯ ಎಲ್ಲೆಯನ್ನು ದಾಟಕೂಡದು, ಮೃತರನ್ನು ಅವರವರ ಮನೆಯವರೇ ಹೂಳಬೇಕು, ದೇವಾಲಯವನ್ನು ಮುಚ್ಚಿ ಆರಾಧನೆಯನ್ನು ಬಯಲಿನಲ್ಲಿ ನಡೆಸಬೇಕು ಎಂಬ ಮೂರು ನಿರ್ಣಯಗಳನ್ನು ಜನರು ಒಪ್ಪಿದರು. ಕಕ್ಲೆಟ್ ಡೆಲ್ಫ್ ಎಂಬ ಹುಲ್ಲಿನ ಕಣಿವೆಯಲ್ಲಿ ಪ್ರತಿಯೊಂದು ಕುಟುಂಬವೂ ಇನ್ನೊಂದರಿಂದ ದೂರವಾಗಿ ನಿಂತು ಪ್ರಾರ್ಥಿಸಿತು. ನೆರೆಯೂರಿನವರು ಎಲ್ಲೆಗಲ್ಲಿನ ಬಳಿ ಆಹಾರವನ್ನಿಟ್ಟು ಹೋಗುತ್ತಿದ್ದರು. ಅದರ ಬೆಲೆಯ ನಾಣ್ಯಗಳನ್ನು ಕಲ್ಲಿನ ಕುಳಿಗಳಲ್ಲಿ ತುಂಬಿದ್ದ ವಿನೆಗರಿನಲ್ಲಿ ಇಡಲಾಗುತ್ತಿತ್ತು. ಆಗಸ್ಟಿನಲ್ಲಿ ಮಾಂಪೆಸನ್ನನ ಪತ್ನಿ ಕ್ಯಾಥರೀನ್ ತೀರಿಕೊಂಡಳು. ನವೆಂಬರಿನಲ್ಲಿ ರೋಗವು ನಿಲ್ಲುವ ಹೊತ್ತಿಗೆ ಸತ್ತವರ ಸಂಖ್ಯೆ ಸುಮಾರು 260.

ವೈದ್ಯರಾಗಿ ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಪ್ಲೇಗಿನ ಸೂಕ್ಷ್ಮಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ ಕಂಡುಹಿಡಿದದ್ದು 1894ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಇಲಿ ಮತ್ತು ಚಿಗಟಗಳ ಪಾತ್ರವು ಸ್ಪಷ್ಟವಾದದ್ದು ಅದಕ್ಕೂ ಆಮೇಲೆ. ಈಮ್ ಗ್ರಾಮದವರಿಗೆ ಇದಾವುದೂ ತಿಳಿದಿರಲಿಲ್ಲ. ಬಯಲಿನಲ್ಲಿ ದೂರ ನಿಂತದ್ದರಿಂದ ಅವರ ಮನೆಯೊಳಗಿನ ಚಿಗಟಗಳು ಸಾಯಲಿಲ್ಲ. ಆದರೂ ತಮ್ಮಿಂದ ನೆರೆಯೂರಿಗೆ ರೋಗವು ಹೋಗಬಾರದೆಂಬ ಸಂಕಲ್ಪವನ್ನು ಅವರು ಪ್ರಾಣ ಕೊಟ್ಟು ನಡೆಸಿದರು. ದೇವಾಲಯಕ್ಕೆ ಹೋಗದಿರುವುದೂ ಒಂದು ಆರಾಧನೆಯಾಗಬಲ್ಲದೆಂದು ಆ ಹಳ್ಳಿ ತೋರಿಸಿಕೊಟ್ಟಿತು. ಪ್ರತಿವರ್ಷ ಆಗಸ್ಟಿನ ಕೊನೆಯ ಭಾನುವಾರ ಆ ಕಣಿವೆಯಲ್ಲಿ ಸ್ಮರಣೆಯ ಆರಾಧನೆ ನಡೆಯುವ ಸಂಪ್ರದಾಯವಿದೆ.

ಇಲ್ಲಿಯವರೆಗೆ ಹೇಳಿದ್ದು ಬಂದು ಹೋಗುವ ರೋಗಗಳ ಮಾತು. ಪ್ಲೇಗು ತೊಲಗಿದರೆ ಬಾಗಿಲು ತೆರೆಯುತ್ತದೆ. ಆದರೆ ಜೀವಮಾನವಿಡೀ ಬಿಡದ ರೋಗ ತಗುಲಿದವರಿಗೆ ಬಾಗಿಲು ಎಂದು ತೆರೆದೀತು? ಕುಷ್ಠರೋಗಿಗಳ ಇತಿಹಾಸವು ಕ್ರೈಸ್ತ ಸಭೆಯ ಆತ್ಮಸಾಕ್ಷಿಯನ್ನು ಕಠಿನವಾಗಿ ಪರೀಕ್ಷಿಸಿದೆ. ಮಧ್ಯಯುಗದ ಯೂರೋಪಿನ ಕೆಲವು ಪ್ರದೇಶಗಳಲ್ಲಿ ಅವರನ್ನು ಊರಿನಿಂದ ಬೇರ್ಪಡಿಸುವಾಗ ಶವಸಂಸ್ಕಾರವನ್ನು ಹೋಲುವ ವಿಧಿಯನ್ನು ನಡೆಸುತ್ತಿದ್ದರು. ಬದುಕಿರುವವನನ್ನು ಸತ್ತವನೆಂದು ಎಣಿಸುವ ವಿಧಿಯದು. ಇಂಥವರು ಒಟ್ಟಾಗಿ ವಾಸಿಸುವ ಕಡೆ ಅವರಿಗೆ ಸ್ವಂತ ದೇವಾಲಯ, ಸ್ವಂತ ಸ್ಮಶಾನ, ಸ್ವಂತ ಗುರು ಇರಲು ಅಡ್ಡಿಮಾಡಬಾರದೆಂದು 1179ರ ಮೂರನೆಯ ಲ್ಯಾಟರನ್ ಮಹಾಸಭೆಯು ಶಾಸನ ಮಾಡಬೇಕಾಯಿತು. ಅಂಥ ಶಾಸನದ ಅಗತ್ಯ ಬಿದ್ದಿತೆಂಬುದೇ ಅಲ್ಲಿಯವರೆಗೆ ನಡೆದದ್ದೇನೆಂಬುದಕ್ಕೆ ಸಾಕ್ಷಿ.

1865ರಲ್ಲಿ ಹವಾಯಿ ರಾಜ್ಯವು ಕುಷ್ಠರೋಗಿಗಳನ್ನು ಪ್ರತ್ಯೇಕಿಸುವ ಕಾಯಿದೆಯನ್ನು ಮಾಡಿತು. ಮರುವರ್ಷದ ಜನವರಿಯಲ್ಲಿ ಮೊದಲ ತಂಡವನ್ನು ಮೊಲೊಕಾಯ್ ದ್ವೀಪದ ಒಂದು ಭೂಶಿರದಲ್ಲಿ ತಂದಿಳಿಸಲಾಯಿತು. ಮೂರು ಕಡೆ ಸಮುದ್ರ, ಒಂದು ಕಡೆ ನೇರವಾಗಿ ಎದ್ದು ನಿಂತ ಪರ್ವತ. ಆ ವರ್ಷ ಮುಗಿಯುವುದರೊಳಗೆ ಅಲ್ಲಿಯ 12 ಮಂದಿ ಸ್ತ್ರೀಯರೂ 23 ಮಂದಿ ಪುರುಷರೂ, ತಮ್ಮೊಡನೆ ವಾಸಿಸುವ ಬೋಧಕನೊಬ್ಬನೂ ಇಲ್ಲದಿದ್ದಾಗಲೇ, ತಾವೇ ಸೇರಿ ಸಿಲೊಆಮ ಎಂಬ ಸಭೆಯನ್ನು ಸ್ಥಾಪಿಸಿಕೊಂಡರು. ಲೋಕವು ಹೊರದೂಡಿದ 35 ಮಂದಿ ಕಟ್ಟಿದ ಸಭೆಯಿದು. ಮೊಲೊಕಾಯ್ ಎಂದೊಡನೆ ನಾವು ಬೆಲ್ಜಿಯಂ ದೇಶದ ಫಾದರ್ ಡೇಮಿಯನ್ನರನ್ನು ನೆನೆಯುತ್ತೇವೆ, ಅದು ಯುಕ್ತವೇ. ಆದರೆ ಅವರಿಗಿಂತ ಏಳು ವರ್ಷ ಮೊದಲೇ ರೋಗಿಗಳೇ ತಮ್ಮ ಆರಾಧನೆಯ ದೀಪವನ್ನು ಹಚ್ಚಿಕೊಂಡಿದ್ದರೆಂಬುದನ್ನು ಮರೆಯಲಾಗದು.

ಡೇಮಿಯನ್ ಅಲ್ಲಿಗೆ ಬಂದದ್ದು 1873ರ ಮೇ 10ರಂದು. ಅದೇ ವರ್ಷದ ಆರಂಭದಲ್ಲಿ, ಭೂಗೋಳದ ಇನ್ನೊಂದು ಕಡೆ, ನಾರ್ವೆಯ ಗೆರ್ಹಾರ್ಡ್ ಹ್ಯಾನ್ಸನ್ ಕುಷ್ಠರೋಗದ ಸೂಕ್ಷ್ಮಾಣುವನ್ನು ಗುರುತಿಸಿದ್ದರು. ರೋಗಕಾರಣವು ತಿಳಿದ ವರ್ಷವೂ ರೋಗಿಯ ಬಳಿಗೆ ಡೇಮಿಯನ್ನರು ಹೋದ ವರ್ಷವೂ ಒಂದೇ ಆದದ್ದು ವೈದ್ಯರಾದ ನಮಗೆ ಚಿಂತನಾರ್ಹವಾಗಿ ತೋರುತ್ತದೆ. ಆರಾಧನೆಯ ಮಧ್ಯೆ ಹೊರಗೆ ಹೋಗಿ ಉಗುಳಬೇಕಾಗುತ್ತದೆಂಬ ಸಂಕೋಚದಿಂದ ಹಲವು ರೋಗಿಗಳು ದೇವಾಲಯಕ್ಕೆ ಬರುತ್ತಿರಲಿಲ್ಲ. ಡೇಮಿಯನ್ ಅವರಿಗೆ ಉಪದೇಶ ಮಾಡುತ್ತ ಕೂರಲಿಲ್ಲ. ದೇವಾಲಯದ ಹಲಗೆಯ ನೆಲದಲ್ಲಿ ರಂಧ್ರಗಳನ್ನು ಕೊರೆದುಕೊಟ್ಟರು. ದೊಡ್ಡ ತತ್ತ್ವಜ್ಞಾನಕ್ಕಿಂತ ಒಂದು ಗರಗಸವು ಆರಾಧನೆಯ ಅಡ್ಡಿಯನ್ನು ಬೇಗನೆ ನಿವಾರಿಸಿತು.

ಆದರೆ ಆ ಗುರುವಿಗೇ ಒದಗಿದ ಅಡ್ಡಿಯನ್ನು ನೋಡಿ. ಕ್ಯಾಥೊಲಿಕ್ ಗುರುವು ತನ್ನ ಪಾಪನಿವೇದನೆಯನ್ನು ಇನ್ನೊಬ್ಬ ಗುರುವಿನ ಮುಂದೆಯೇ ಮಾಡಬೇಕು, ಅದು ಗೋಪ್ಯವಾಗಿರಬೇಕು. ಡೇಮಿಯನ್ನರ ಮೇಲಧಿಕಾರಿಗಳು ಹಡಗಿನಲ್ಲಿ ಬಂದಾಗ, ಅವರು ಇಳಿಯಲೂ ಡೇಮಿಯನ್ನರು ಹತ್ತಲೂ ಕಪ್ತಾನನು ಸಮ್ಮತಿಸಲಿಲ್ಲ. ಡೇಮಿಯನ್ನರು ಸಣ್ಣ ದೋಣಿಯಲ್ಲಿ ನಿಂತು, ಹಡಗಿನ ಅಂಚಿನಲ್ಲಿದ್ದ ಗುರುವಿಗೆ ಕೇಳುವಂತೆ, ತಮ್ಮ ಪಾಪಗಳನ್ನು ಫ್ರೆಂಚ್ ಭಾಷೆಯಲ್ಲಿ ಗಟ್ಟಿಯಾಗಿ ಕೂಗಿ ಹೇಳಿದರು. ತಮ್ಮ ಬೋಧನೆಯಲ್ಲಿ ಅವರು ಮೊದಲಿನಿಂದಲೂ ‘ಕುಷ್ಠರೋಗಿಗಳಾದ ನಾವು’ ಎಂದೇ ಮಾತನಾಡುತ್ತಿದ್ದರು. ಹನ್ನೊಂದು ವರ್ಷಗಳ ಬಳಿಕ ಆ ಮಾತು ಅಕ್ಷರಶಃ ನಿಜವಾಯಿತು. 1889ರ ಏಪ್ರಿಲ್ 15ರಂದು ಅವರು ಅದೇ ರೋಗದಿಂದ ನಿಧನರಾದರು. 2009ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಅದೇ ದಶಕಗಳಲ್ಲಿ ನಮ್ಮ ಮಂಗಳೂರಿನಲ್ಲಿಯೂ ಇಂಥದೇ ಕಾರ್ಯವೊಂದು ಮೊಳೆಯುತ್ತಿತ್ತು. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ 1878ರ ಕೊನೆಯ ದಿನ ಮಂಗಳೂರಿಗೆ ಬಂದು, 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧಗಳನ್ನು ಕೊಡಲಾರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆಂದು ಆಶ್ರಯಸ್ಥಾನವನ್ನೂ, 1902ರಲ್ಲಿ ಪ್ಲೇಗಿನ ಆಸ್ಪತ್ರೆಯನ್ನೂ ತೆರೆದರು. 1910ರಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ಹೊತ್ತ ವೈದ್ಯಕೀಯ ಸಂಸ್ಥೆಯ ಇಂದಿನ ಭವ್ಯ ಕಟ್ಟಡಗಳನ್ನು ನೋಡಿದವರಿಗೆ, ಅದರ ಬುಡದಲ್ಲಿ ಊರು ಒಲ್ಲದವರಿಗಾಗಿ ತೆರೆದ ಬಾಗಿಲೊಂದಿತ್ತೆಂಬುದು ಸುಲಭವಾಗಿ ಹೊಳೆಯದು.

ಸೂಕ್ಷ್ಮಾಣುಗಳ ಶೋಧವು ಆರಾಧನೆಗೆ ಹೊಸದೊಂದು ತೊಡಕನ್ನೂ ತಂದಿತು. ಪ್ರಭುಭೋಜನದಲ್ಲಿ ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸವನ್ನು ಸೇವಿಸುವುದು ಹಲವು ಪ್ರಾಟೆಸ್ಟಂಟ್ ಸಭೆಗಳ ಪದ್ಧತಿ. ಒಂದೇ ಪಾತ್ರೆಯೆಂದರೆ ಐಕ್ಯದ ಚಿಹ್ನೆ. ಕ್ಷಯರೋಗದ ಸೂಕ್ಷ್ಮಾಣುವನ್ನು ರಾಬರ್ಟ್ ಕಾಖ್ 1882ರಲ್ಲಿ ತೋರಿಸಿದ ಮೇಲೆ ಆ ಪಾತ್ರೆಯನ್ನು ಕುರಿತು ಶಂಕೆ ಹುಟ್ಟಿತು. 1894ರಲ್ಲಿ ಅಮೆರಿಕದ ರಾಚೆಸ್ಟರ್ ನಗರದ ಒಂದು ಪ್ರೆಸ್ಬಿಟೀರಿಯನ್ ಸಭೆಯು ಪ್ರತಿಯೊಬ್ಬನಿಗೂ ಬೇರೆ ಬೇರೆ ಪುಟ್ಟ ಬಟ್ಟಲನ್ನು ಕೊಡುವ ಕ್ರಮವನ್ನು ಕೈಗೊಂಡಿತು. ಐಕ್ಯವು ಒಡೆಯಿತೆಂದು ಕೆಲವರು ಮರುಗಿದರು, ನೆರೆಯವನ ಆರೋಗ್ಯವೂ ಐಕ್ಯದ ಅಂಗವೇ ಎಂದು ಕೆಲವರು ವಾದಿಸಿದರು. ಎರಡು ಪದ್ಧತಿಗಳೂ ಇಂದಿಗೂ ಉಳಿದಿವೆ.

1918ರ ಅಕ್ಟೋಬರಿನಲ್ಲಿ ಇನ್‌ಫ್ಲುಯೆಂಜಾ ಮಾರಿಯು ಅಮೆರಿಕದ ನಗರಗಳನ್ನು ವ್ಯಾಪಿಸಿದಾಗ ಫಿಲಡೆಲ್ಫಿಯಾ, ವಾಷಿಂಗ್ಟನ್ ಮೊದಲಾದ ಕಡೆ ಶಾಲೆ, ನಾಟಕಶಾಲೆಗಳೊಡನೆ ದೇವಾಲಯಗಳನ್ನೂ ಮುಚ್ಚಿಸಲಾಯಿತು. ವಾಷಿಂಗ್ಟನ್ನಿನಲ್ಲಿ ಫ್ರಾನ್ಸಿಸ್ ಗ್ರಿಮ್ಕೆ ಎಂಬ ಕಪ್ಪು ಜನಾಂಗದ ಸಭಾಪಾಲಕರಿದ್ದರು. 1850ರಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದವರು. ಸರ್ಕಾರದ ಅನ್ಯಾಯದ ಆಜ್ಞೆಗಳನ್ನು ಆಜೀವ ಪ್ರತಿಭಟಿಸಿದ ಅವರು, ನಿಷೇಧವು ತೆರವಾದ ಬಳಿಕ ನವೆಂಬರ್ 3ರಂದು ಮಾಡಿದ ಪ್ರಬೋಧನೆಯಲ್ಲಿ ಈ ಆಜ್ಞೆಯನ್ನು ಸಮರ್ಥಿಸಿದರು. ಜನಸಂದಣಿಯು ನಾಟಕಶಾಲೆಯಲ್ಲಿ ಅಪಾಯಕರವಾದರೆ ದೇವಾಲಯದಲ್ಲಿಯೂ ಅಪಾಯಕರವೇ ಎಂಬುದು ಅವರ ನಿಲುವು. ರೋಗವು ಬಿಳಿಯರು ಕರಿಯರೆಂಬ ಭೇದವನ್ನು ಎಣಿಸಲಿಲ್ಲವೆಂಬುದನ್ನೂ ಅವರು ಸಭೆಗೆ ನೆನಪಿಸಿದರು. ಮನುಷ್ಯನು ಕಟ್ಟಿದ್ದ ಆ ಗೋಡೆಯೂ ಆರಾಧನೆಗೆ ಅಡ್ಡಿಯೇ ಆಗಿತ್ತಲ್ಲವೆ?

ಹೀಗೆ 2020ಕ್ಕೆ ಮರಳುತ್ತೇವೆ. ಆ ವರ್ಷ ಮಾರ್ಚ್ 10ರಂದು ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ಕಣಿವೆಯಲ್ಲಿ ಒಂದು ಗಾಯಕವೃಂದದ 61 ಮಂದಿ ದೇವಾಲಯವೊಂದರಲ್ಲಿ ಅಭ್ಯಾಸಕ್ಕೆ ಸೇರಿದರು. ಅವರಲ್ಲಿ 53 ಮಂದಿ ರೋಗಗ್ರಸ್ತರಾದರು, ಇಬ್ಬರು ಅಸುನೀಗಿದರು. ಹಾಡುವ ಉಸಿರೇ ರೋಗವನ್ನು ಹೊತ್ತೊಯ್ಯುವಾಗ ಬಾಗಿಲು ಮುಚ್ಚಿದ್ದನ್ನು ನಾವು ಇಂದಿಗೂ ಸರಿಯೆಂದೇ ಎಣಿಸುತ್ತೇವೆ. ಮಾರ್ಚ್ 27ರ ಮಳೆಯ ಸಂಜೆ ಪೋಪ್ ಫ್ರಾನ್ಸಿಸ್ ರೋಮಿನ ಸಂತ ಪೇತ್ರರ ಬರಿದಾದ ಚೌಕದಲ್ಲಿ ಪ್ರಾರ್ಥಿಸಿದ್ದನ್ನು ಲೋಕವೆಲ್ಲ ಪರದೆಗಳ ಮೇಲೆ ಕಂಡಿತು. ಮಿಲಾನಿನ ಕಿಟಕಿಗಳೇ ಗಾಜಿನ ಪರದೆಗಳಾಗಿ ಮರಳಿ ಬಂದಂತಿತ್ತು. ಬಾಗಿಲು ಎಷ್ಟು ಮುಚ್ಚಬೇಕು, ಎಷ್ಟು ಕಾಲ ಮುಚ್ಚಬೇಕು ಎಂಬ ವಿವಾದವು ನ್ಯಾಯಾಲಯವನ್ನೂ ಏರಿತು. ನ್ಯೂಯಾರ್ಕಿನಲ್ಲಿ ಆರಾಧನೆಗೆ ವಿಧಿಸಿದ್ದ ಹತ್ತು ಮತ್ತು ಇಪ್ಪತ್ತೈದು ಮಂದಿಯ ಮಿತಿಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅದೇ ನವೆಂಬರ್ 25ರಂದು ತಡೆಹಿಡಿಯಿತು.

ಆದರೆ ನಮ್ಮನ್ನು ಕಾಡುವುದು ಆ ವಿವಾದವಲ್ಲ. ಆ ವಸಂತದಲ್ಲಿಯೇ ಶಿಕಾಗೊ ಮಹಾಧರ್ಮಪ್ರಾಂತ್ಯದಲ್ಲಿ ಅರವತ್ತು ದಾಟದ ಗುರುಗಳು ಕೆಲವರು ಸ್ವಯಂಪ್ರೇರಿತರಾಗಿ ಮುಂದೆ ಬಂದು, ರಕ್ಷಾಕವಚವನ್ನು ತೊಡುವ ಶಿಕ್ಷಣವನ್ನು ಪಡೆದು, ಕೋವಿಡ್ ರೋಗಿಗಳ ಬಳಿಗೆ ಹೋದರು. ಬೋಸ್ಟನ್ನಿನಲ್ಲಿಯೂ ಹಾಗೆಯೇ ಆಯಿತು. ಅಂದರೆ, ಬಾಗಿಲನ್ನು ಮುಚ್ಚಿಯೂ ಪಾಲನ್ನು ತಲುಪಿಸುವುದು ಅಸಾಧ್ಯವಾಗಿರಲಿಲ್ಲ. ನಾವಿದ್ದ ಕಡೆ ಅದನ್ನು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ರಕ್ಷಾಕವಚಗಳ ಕೊರತೆಯಿತ್ತು, ಆಯಾಸವಿತ್ತು, ಭಯವಿತ್ತು, ಇವೆಲ್ಲವೂ ಸತ್ಯ. ಆದರೂ ಕೃತಕ ಉಸಿರಾಟದ ಯಂತ್ರಕ್ಕಾಗಿ ಹತ್ತು ಕಡೆ ದೂರವಾಣಿ ಮಾಡಿದ ನಮಗೆ, ಒಬ್ಬ ಸಭಾಪಾಲಕರಿಗಾಗಿ ಒಂದು ಕವಚವನ್ನು ಬೇಡಬೇಕೆಂದು ಹೊಳೆಯಲಿಲ್ಲವೆಂಬುದೂ ಸತ್ಯವೇ.

ಏಪ್ರಿಲ್ 12, ಈಸ್ಟರ್ ಭಾನುವಾರದ ಬೆಳಿಗ್ಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೋನನ್ನು ಆ ತಾಯಿಯ ಕಿವಿಯ ಬಳಿ ಹಿಡಿದುಕೊಂಡೆವು. ಆ ಕಡೆಯಿಂದ ಮಕ್ಕಳೂ ಮೊಮ್ಮಕ್ಕಳೂ ಕನ್ನಡದಲ್ಲಿ ಕೀರ್ತನೆಯನ್ನು ಹಾಡಿದರು. ಮೊಮ್ಮಕ್ಕಳ ಉಚ್ಚಾರಣೆ ತಪ್ಪುತ್ತಿತ್ತು. ಅವರು ಬೆರಳಿನಿಂದ ಹಾಸಿಗೆಯ ಅಂಚಿನ ಮೇಲೆ ತಾಳ ಹಾಕಿದರು. ನಾಲ್ಕು ದಿನಗಳ ಮೇಲೆ ತೀರಿಕೊಂಡರು. ಅವರ ಪಾಲು ಅವರನ್ನು ತಲುಪಿತೋ ಇಲ್ಲವೋ, ತೀರ್ಪು ಕೊಡುವ ಅಧಿಕಾರ ನಮಗಿಲ್ಲ.

ಬಂಧುಗಳೇ, ರೋಗವು ಆರಾಧನೆಗೆ ಒಡ್ಡುವ ಅಡ್ಡಿಗಳಲ್ಲಿ ದೂರವು ಚಿಕ್ಕದು. ಬಯಲು, ಕಿಟಕಿ, ಪರದೆ ಯಾವುದರಿಂದಲಾದರೂ ಅದನ್ನು ದಾಟಬಹುದೆಂಬುದನ್ನು ಈ ಐದು ಶತಮಾನಗಳ ಇತಿಹಾಸವು ತೋರಿಸುತ್ತದೆ. ಬಾರದವರನ್ನು ಎಣಿಕೆಯಿಂದ ಬಿಟ್ಟುಬಿಡುವ ಮರೆವು ದೊಡ್ಡ ಅಡ್ಡಿ. ಬಾಗಿಲುಗಳು ತೆರೆದ ಮೇಲೂ ಅದು ಉಳಿಯುತ್ತದೆ. ನಮ್ಮ ಕೂಟದಲ್ಲಿಯೂ ಯುಗಾದಿಗೆ, ದೀಪಾವಳಿಗೆ, ಕ್ರಿಸ್ಮಸ್ಸಿಗೆ ಬರುತ್ತಿದ್ದು ಈಗ ಬಾರದ ಹಿರಿಯರಿದ್ದಾರೆ. ಕೆಲವರು ವೃದ್ಧಾಶ್ರಮಗಳಲ್ಲಿ, ಕೆಲವರು ಮಕ್ಕಳ ಮನೆಯ ಮೇಲಂತಸ್ತಿನಲ್ಲಿ. ಇಂದಿನ ಊಟದ ಬಳಿಕ ಮನೆಗೆ ಹೊರಡುವ ಮುನ್ನ ಅವರಲ್ಲಿ ಒಬ್ಬರ ಹೆಸರನ್ನಾದರೂ ನೆನೆದು, ಅವರ ಪಾಲನ್ನು ಕಟ್ಟಿಸಿಕೊಂಡು ಹೋಗಬೇಕೆಂದು ಪ್ರಾರ್ಥಿಸುತ್ತೇವೆ.